ಇದರಾಗ ಮೀನು ಮಾರೋದ ಇಲ್ಲಲ್ರೀ ಸರ

ಹೊಳೆ, ಕಾಡು, ಹಕ್ಕಿ, ಮೀನು ಇವುಗಳ ಬಗ್ಗೆ ಯಾವ ಪುಸ್ತಕ ಓದಬೇಕು ಅಂತ ನನ್ನನ್ನು ಕೇಳುವವರು ಮೊದಲಿಗಿಂತ ಜಾಸ್ತಿ ಆಗಿದ್ದಾರೆ. ನಮ್ಮ ಮನೆಯಲ್ಲಿ ಅಂಥ ಪುಸ್ತಕಗಳಿಗೇ ಒಂದು ಕಪಾಟಿದೆ. ಸೋದರಮಾವನ ಜೊತೆ ವರದಾ ಹೊಳೆಯ ದಂಡೆಯಲ್ಲಿ ಗಾಳ ಹಾಕುತ್ತ ಬೆಳೆದವನು ನಾನು. ಹಾವೇರಿಯ ಕಾಲೇಜಿನಲ್ಲಿ ಪಾಠ ಮಾಡಲು ಶುರು ಮಾಡಿದ ಮೇಲೆ ಹೊಳೆಗೆ ಹೋಗುವುದು ಕಡಿಮೆ ಆಯಿತು, ಹೊಳೆಯ ಪುಸ್ತಕ ಓದುವುದು ಹೆಚ್ಚಾಯಿತು. ಯಾರಾದರೂ ಕೇಳಿದರೆ ಖುಷಿಯಿಂದ ಒಂದು ತೆಗೆದು ಕೊಡುತ್ತೇನೆ. ತಿರುಗಿ ತಂದಾಗ ಹೇಗನ್ನಿಸಿತು ಅಂತ ವಿಚಾರಿಸುತ್ತೇನೆ. "ಚಲೋ ಐತ್ರಿ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಒಬ್ಬ ಹುಡುಗ ಮಾತ್ರ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವನು ಗಳಗನಾಥದ ಕಡೆಯವನು. ಬಿ.ಎ.ದಲ್ಲಿ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡಿದ್ದ. ಅವನ ಅಪ್ಪ ತುಂಗಭದ್ರೆಯಲ್ಲಿ ಹರಗೋಲು ಹಾಕಿ ಮೀನು ಹಿಡಿದು ಬದುಕುವವರು. ಆ ವಿಷಯ ಗೊತ್ತಾದ ಮೇಲೆ ನನಗೆ ಬಹಳ ಇಷ್ಟವಾದ ಒಂದು ಮೀನಿನ ಬರಹವನ್ನು ಗುರುತು ಹಾಕಿ ಅವನಿಗೆ ಕೊಟ್ಟೆ. ನಿಘಂಟು ಇಟ್ಟುಕೊಂಡು, ಬಿಡದೆ ಓದಿಕೊಂಡು ಬಂದ. ಪುಸ್ತಕ ಮೇಜಿನ ಮೇಲಿಟ್ಟು, "ಭಾಳ ಚಲೋ ಬರದಾರ್ರಿ. ಆದ್ರ ಇದರಾಗ ಮೀನು ಮಾರೋದ ಇಲ್ಲಲ್ರೀ ಸರ" ಅಂದ. ತಕರಾರು ಮಾಡುವ ದನಿ ಅಲ್ಲ ಅದು. ಏನೋ ಒಂದು ಇರಬೇಕಾಗಿತ್ತು, ಹುಡುಕಿದೆ, ಸಿಗಲಿಲ್ಲ ಅನ್ನುವ ದನಿ.

ಅವನು ಹೋದ ಮೇಲೆ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಒಂದೊಂದೇ ಪುಸ್ತಕ ನೋಡುತ್ತ ಹೋದೆ. ಇದರಲ್ಲಿ ಹಿಡಿದ ಮೀನು ಎಲ್ಲಿ ಹೋಗುತ್ತದೆ? ಯಾರು ತಿನ್ನುತ್ತಾರೆ? ಯಾರು ತೂಗುತ್ತಾರೆ? ರೊಕ್ಕ ಯಾರ ಕೈಗೆ ಸೇರುತ್ತದೆ? ಹೀಗೆ ಕೇಳಿಕೊಂಡು ನೋಡಿದರೆ ನನಗೆ ಪ್ರಿಯವಾದ ಪುಸ್ತಕಗಳೆಲ್ಲ ಹೊಸದಾಗಿ ಬೇರೆ ಬೇರೆ ಸಾಲಿಗೆ ಸರಿದುಕೊಂಡವು. ಈ ಬರಹ ಆ ಸಾಲುಗಳ ಬಗ್ಗೆ.

ಹುಲಿಗಳ ನಡುವೆ ಒಂದು ಮೀನು

ಅವನಿಗೆ ಕೊಟ್ಟಿದ್ದು ಜಿಮ್ ಕಾರ್ಬೆಟ್. 1944ರಲ್ಲಿ ಬಂದ 'ಮ್ಯಾನ್ ಈಟರ್ಸ್ ಆಫ್ ಕುಮಾವೂಂ' ಪುಸ್ತಕವನ್ನು ನಮ್ಮಲ್ಲಿ ಎಲ್ಲರೂ ನರಭಕ್ಷಕ ಹುಲಿಗಳಿಗಾಗಿ ಓದುತ್ತಾರೆ. ಅದೇ ಪುಸ್ತಕದಲ್ಲಿ ಹುಲಿಗಳ ನಡುವೆ ಒಂದು ಮೀನಿನ ಅಧ್ಯಾಯ ಇದೆ ಅನ್ನುವುದು ಎಷ್ಟೋ ಜನರಿಗೆ ನೆನಪಿರುವುದಿಲ್ಲ. ಹೆಸರು 'ದ ಫಿಶ್ ಆಫ್ ಮೈ ಡ್ರೀಮ್ಸ್'. ಹಿಮಾಲಯದ ಬುಡದ ಒಂದು ಹೊಳೆಯಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುವ ಕತೆ. ಹುಲಿಯ ಬೆನ್ನು ಹತ್ತಿದಾಗ ಪ್ರತಿ ಎಲೆಯ ಅಲುಗಾಟವನ್ನೂ ಗಮನಿಸುವ ಕಾರ್ಬೆಟ್ ಇಲ್ಲಿ ಅದೇ ಕಣ್ಣಿನಿಂದ ನೀರನ್ನು ನೋಡುತ್ತಾರೆ. ವ್ಯತ್ಯಾಸ ಏನೆಂದರೆ ಇಲ್ಲಿ ಭಯ ಇಲ್ಲ. ಯಾವ ಊರಿನವರೂ ಇವರ ದಾರಿ ಕಾಯುತ್ತಿಲ್ಲ. ಮೀನಿಗಿಂತ ಮೊದಲು ಹೊಳೆ ಬರುತ್ತದೆ, ಹಕ್ಕಿಗಳು ಬರುತ್ತವೆ, ಕಲ್ಲು ಮತ್ತು ಮರಳು ಬರುತ್ತದೆ. ಓದುವವನಿಗೆ ಅವಸರ ಹೋಗಿಬಿಡುತ್ತದೆ.

ಹುಡುಗನ ಮಾತು ಕೇಳಿದ ಮೇಲೂ ಈ ಅಧ್ಯಾಯದ ಮೇಲಿನ ನನ್ನ ಪ್ರೀತಿ ಕಡಿಮೆ ಆಗಿಲ್ಲ. ಮೀನಿನ ಅಗತ್ಯ ಇಲ್ಲದವನು ಹೊಳೆಯನ್ನು ಒಂದು ರೀತಿ ನೋಡುತ್ತಾನೆ. ಅವನಿಗೆ ಸಮಯ ಇರುತ್ತದೆ. ಮೀನು ಸಿಗದ ದಿನವೂ ಅವನಿಗೆ ನಷ್ಟವಲ್ಲ. ಅದರಿಂದಲೇ ಅವನ ಕಣ್ಣಿಗೆ ಮಿಂಚುಳ್ಳಿ ಬೀಳುತ್ತದೆ, ನೀರಿನ ಮೇಲಿನ ಬೆಳಕು ಬೀಳುತ್ತದೆ. ಅದನ್ನು ಬರೆದಿಟ್ಟಿದ್ದು ನಮಗೆ ದೊಡ್ಡ ಲಾಭ. ಆದರೆ ಕಪಾಟು ತುಂಬ ಅಂಥವರೇ ಇದ್ದರೆ ಹೊಳೆ ಅನ್ನುವುದು ರಜೆಗೆ ಹೋಗುವ ಜಾಗ ಅಂತಲೇ ಅನ್ನಿಸತೊಡಗುತ್ತದೆ. ಗಳಗನಾಥದ ಹುಡುಗನಿಗೆ ಹಾಗೆ ಅನ್ನಿಸಲು ಸಾಧ್ಯವೇ ಇಲ್ಲ ಅಲ್ವಾ?

ಇದೇ ಸಾಲಿನ ಇನ್ನೆರಡನ್ನು ಬೇಗ ಹೇಳಿ ಮುಗಿಸುತ್ತೇನೆ. ಐಜಾಕ್ ವಾಲ್ಟನ್ ಬರೆದ 'ದ ಕಂಪ್ಲೀಟ್ ಆಂಗ್ಲರ್' 1653ರದ್ದು. ಗಾಳದ ಪುಸ್ತಕ ಅಂದರೆ ಇಂಗ್ಲಿಷಿನವರು ಮೊದಲು ಹೇಳುವ ಹೆಸರು ಇದೇ. ಗಾಳ ಹಾಕುವವನು ಇನ್ನೊಬ್ಬನಿಗೆ ಪಾಠ ಹೇಳುವ ಹಾಗೆ, ಮಾತುಕತೆಯ ರೂಪದಲ್ಲಿದೆ. ಅವರು ಹೊಗಳುವಷ್ಟು ನನಗೆ ಹಿಡಿಸಿಲ್ಲ. ಎಚ್.ಎಸ್. ಥಾಮಸ್ ಅನ್ನುವ ಬ್ರಿಟಿಷ್ ಅಧಿಕಾರಿಯ 'ದ ರಾಡ್ ಇನ್ ಇಂಡಿಯಾ' 1873ರದ್ದು. ಆತ ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದವನು. ನಮ್ಮ ದಕ್ಷಿಣದ ಹೊಳೆಗಳಲ್ಲಿ ಮೀನು ಹೇಗೆ ಬದುಕುತ್ತದೆ ಅನ್ನುವುದರಲ್ಲಿ ಅವನಿಗೆ ನಿಜವಾದ ಆಸಕ್ತಿ ಇತ್ತು. ಮಹಶೀರ್ ಹಿಡಿಯುವ ಅಧ್ಯಾಯಗಳಿಗಾಗಿಯೇ ಇವತ್ತೂ ಹವ್ಯಾಸಿಗಳು ಆ ಪುಸ್ತಕ ಹುಡುಕುತ್ತಾರೆ.

ಪೆನ್ಸಿಲ್ ಬೇಕು ಅಂದ ಮುದುಕ

ಹುಡುಗನಿಗೆ ಎರಡನೆಯದಾಗಿ ಕೊಟ್ಟಿದ್ದು ಹೆಮಿಂಗ್ವೆಯ 'ದ ಓಲ್ಡ್ ಮ್ಯಾನ್ ಅಂಡ್ ದ ಸೀ'. 1952ರಲ್ಲಿ ಬಂತು, ಮರುವರ್ಷ ಪುಲಿಟ್ಜರ್, 1954ರಲ್ಲಿ ಬರೆದವರಿಗೆ ನೊಬೆಲ್. ಕತೆ ಎಲ್ಲರಿಗೂ ಗೊತ್ತು. ಕ್ಯೂಬಾದ ಮುದುಕ ಸಾಂಟಿಯಾಗೊಗೆ 84 ದಿನದಿಂದ ಮೀನು ಸಿಕ್ಕಿಲ್ಲ. ಆಮೇಲೆ 18 ಅಡಿ ಉದ್ದದ ಮಾರ್ಲಿನ್ ಸಿಗುತ್ತದೆ. ಅವನ ದೋಣಿಗಿಂತ ಎರಡು ಅಡಿ ಉದ್ದ. ದಡಕ್ಕೆ ತರುವಷ್ಟರಲ್ಲಿ ಶಾರ್ಕುಗಳು ತಿಂದು ಮುಗಿಸುತ್ತವೆ.

ಈ ಪುಸ್ತಕದ ಬಗ್ಗೆ ತರಗತಿಗಳಲ್ಲಿ ನಾವು ಏನೇನೋ ಹೇಳುತ್ತೇವೆ. ಮನುಷ್ಯನ ಛಲ, ಸೋಲು, ಗೆಲುವು, ಕ್ರಿಸ್ತನ ಸಂಕೇತ. ಹುಡುಗ ಅದನ್ನೆಲ್ಲ ಬಿಟ್ಟು ನೇರವಾಗಿ ಒಂದು ಪುಟ ತೆರೆದು ತೋರಿಸಿದ. ಮೀನನ್ನು ದೋಣಿಯ ಮಗ್ಗುಲಿಗೆ ಕಟ್ಟಿದ ಮೇಲೆ ಮುದುಕ ಲೆಕ್ಕ ಹಾಕುವ ಜಾಗ ಅದು. ಇದು 1,500 ಪೌಂಡಿಗಿಂತ ಜಾಸ್ತಿ ಇದ್ದೀತು. ಕೊಯ್ದು ಚೊಕ್ಕ ಮಾಡಿದರೆ ಮೂರರಲ್ಲಿ ಎರಡು ಪಾಲು ಉಳಿದೀತು. ಪೌಂಡಿಗೆ 30 ಸೆಂಟ್ ಹಿಡಿದರೆ ಎಷ್ಟಾಯಿತು? ಅಲ್ಲಿಗೆ ಮುದುಕ ಲೆಕ್ಕ ನಿಲ್ಲಿಸುತ್ತಾನೆ. ಅದಕ್ಕೆ ಪೆನ್ಸಿಲ್ ಬೇಕು ಅನ್ನುತ್ತಾನೆ. ಹುಡುಗ ಪುಟದ ಬದಿಯಲ್ಲಿ ಅದನ್ನು ಸಣ್ಣಗೆ ಬಿಡಿಸಿಟ್ಟಿದ್ದ: 300 ಡಾಲರ್. ಕೆಳಗೆ ಕಿಲೋ ಲೆಕ್ಕವೂ ಇತ್ತು. ಇಡೀ ಮೀನು ಸುಮಾರು 680 ಕಿಲೋ, ಮಾರಲು ಸಿಗುವುದು 450.

ನಾನು ಈ ಪುಸ್ತಕವನ್ನು ಎಷ್ಟೋ ಸಲ ಓದಿದ್ದೇನೆ, ಪಾಠವನ್ನೂ ಮಾಡಿದ್ದೇನೆ. ಆದರೆ ಆ ಸಾಲಿನ ಹತ್ತಿರ ಅವನ ಹಾಗೆ ನಿಂತವರನ್ನು ನೋಡಿರಲಿಲ್ಲ. ಕೈ ಹರಿದು ರಕ್ತ ಸುರಿಯುತ್ತಿದೆ, ನಿದ್ದೆ ಇಲ್ಲ, ಆದರೂ ಮುದುಕನ ತಲೆಯಲ್ಲಿ ಮೊದಲು ಬರುವುದು ದರ. ಶಾರ್ಕು ಒಂದೊಂದು ಸಲ ಬಾಯಿ ಹಾಕಿದಾಗಲೂ ಹೋಗುತ್ತಿರುವುದು ಬರೀ ಒಂದು ದೊಡ್ಡ ಮೀನಿನ ಅಂದವಲ್ಲ. ಚಳಿಗಾಲದ ಊಟ ಹೋಗುತ್ತಿದೆ. ಹೀಗೆ ಓದಿದರೆ ಆ ಕತೆ ಇನ್ನೂ ಭಾರ ಆಗುತ್ತದೆ.

ಹರಗೋಲಿನಲ್ಲಿ ಹೇಳಿದ ಕತೆ

ಹುಡುಗ ಮನೆಯಲ್ಲಿ ಈ ಮುದುಕನ ಸುದ್ದಿ ಹೇಳಿರಬೇಕು. ಒಂದು ದಿನ, "ಅಪ್ಪ ನಿಮ್ಮನ್ನ ಹೊಳಿಗೆ ಕರದಾನ್ರಿ. ಆ ಕತಿ ಪೂರಾ ಕೇಳಬೇಕಂತ" ಅಂದ. ಒಂದು ಭಾನುವಾರ ಕತ್ತಲಿರುವಾಗಲೇ ಹೋದೆ.

ಗಳಗನಾಥ ಅಂದರೆ ವರದಾ ಬಂದು ತುಂಗಭದ್ರೆಗೆ ಸೇರುವ ಜಾಗ. ಸಾಗರದ ಇಕ್ಕೇರಿ ಹತ್ತಿರ ಹುಟ್ಟಿ, ಬನವಾಸಿ ದಾಟಿ ಬರುವ ವರದೆ ಬೇಸಿಗೆಯಲ್ಲಿ ನಮ್ಮ ಕಡೆ ತಲುಪುವಷ್ಟರಲ್ಲಿ ಬರೀ ಮರಳಾಗಿರುತ್ತದೆ. ಮಳೆ ಹಿಡಿದರೆ ಕೆಂಪು ನೀರು ತರುತ್ತದೆ. ನಾನು ಹೋದದ್ದು ಮಳೆಗಾಲ ಕಳೆದು ನೀರು ತಿಳಿಯಾಗುವ ಹೊತ್ತಿನಲ್ಲಿ. ದಂಡೆಯಲ್ಲಿ ಹರಗೋಲು ಬೋರಲಾಗಿತ್ತು. ಬಿದಿರಿನ ಹೆಣಿಕೆ, ಮೇಲೆ ಪ್ಲಾಸ್ಟಿಕ್ ತಾಡಪತ್ರಿ, ಅದಕ್ಕೆ ಡಾಂಬರು. ಹಿಂದೆ ಚರ್ಮ ಹೊದಿಸುತ್ತಿದ್ದರಂತೆ. ಹಿಂದಿನ ಸಂಜೆ ಬಿಟ್ಟ ಬಲೆಯನ್ನು ಎತ್ತುವ ಕೆಲಸ ಇತ್ತು. ಅಪ್ಪ ಹುಟ್ಟು ಹಾಕಿದರು, ಮಗ ಬಲೆ ಎಳೆದ. ನಾನು ನಡುವೆ ಅಲುಗಾಡದೆ ಕುಳಿತು ಕತೆ ಹೇಳಿದೆ.

ಹೆಮಿಂಗ್ವೆಯ ಕತೆಯನ್ನು ಇಷ್ಟು ಗಮನ ಇಟ್ಟು ಕೇಳಿದವರು ನನಗೆ ಇನ್ನೊಬ್ಬರು ಸಿಕ್ಕಿಲ್ಲ. ಅವರ ಪ್ರಶ್ನೆಗಳೇ ಬೇರೆ. ಮೊದಲನೆಯದು, "ಹಗ್ಗ ಎಷ್ಟ ದಪ್ಪ ಇತ್ರೀ?" ಪೆನ್ಸಿಲಿನಷ್ಟು ದಪ್ಪ ಅಂತ ಪುಸ್ತಕದಲ್ಲಿದೆ ಅಂದೆ. ತಲೆ ಆಡಿಸಿದರು, ಅಷ್ಟಾದರೆ ಸರಿ ಅನ್ನುವ ಹಾಗೆ. ಎರಡನೆಯದು, "ಜ್ವಾಡಿ ಯಾರೂ ಇದ್ದಿಲ್ಲೇನ್ರೀ?" ಮೊದಲು ಒಬ್ಬ ಹುಡುಗ ಜೊತೆಗೆ ಬರುತ್ತಿದ್ದ, 40 ದಿನ ಮೀನು ಸಿಗಲಿಲ್ಲ ಅಂತ ಅವನ ತಂದೆ ತಾಯಿ ಬೇರೆ ದೋಣಿಗೆ ಕಳಿಸಿಬಿಟ್ಟರು ಅಂತ ವಿವರಿಸಿದೆ. ಇಲ್ಲಿ ನಾವೆಲ್ಲ ಸಾಮಾನ್ಯವಾಗಿ ಮುದುಕನ ಕಡೆ ವಾಲುತ್ತೇವೆ. ಆ ತಂದೆ ತಾಯಿ ಕಲ್ಲು ಮನಸ್ಸಿನವರು ಅಂದುಕೊಳ್ಳುತ್ತೇವೆ. ಇವರು ಹುಟ್ಟು ನಿಲ್ಲಿಸಿ ಹೇಳಿದರು, "ಹಡದವರು ಸರಿ ಮಾಡ್ಯಾರ ಬಿಡ್ರಿ. ದುಡಿಮಿ ಇಲ್ಲದ ದೋಣ್ಯಾಗ ಹುಡುಗನ್ನ ಎಷ್ಟ ದಿನ ಬಿಡ್ತಾರ?" ಮಗ ತಲೆ ಎತ್ತಲಿಲ್ಲ. ಬಲೆಯಿಂದ ಮೀನು ಬಿಡಿಸುತ್ತಲೇ ಇದ್ದ.

ಶಾರ್ಕಿನ ಭಾಗ ಬಂದಾಗ ಅವರಿಗೆ ಆಶ್ಚರ್ಯ ಆಗಲಿಲ್ಲ. ಹಿಡಿದ ಮೀನನ್ನು ನೀರಿನಲ್ಲೇ ಕಟ್ಟಿಕೊಂಡು ಬಂದರೆ ಯಾವುದಾದರೂ ಬಾಯಿ ಹಾಕಿಯೇ ಹಾಕುತ್ತದೆ ಅಂದರು. ಇವರ ಬಲೆಗೆ ನೀರುನಾಯಿ ಬರುತ್ತದೆ. ಮೀನಿನ ತಲೆ ಬಿಟ್ಟು ಉಳಿದದ್ದು ತಿಂದು, ಬಲೆಯನ್ನೂ ಹರಿದು ಹೋಗುತ್ತದೆ. ನಮ್ಮಂಥವರಿಗೆ ನೀರುನಾಯಿ ಕಂಡರೆ ಸಂಭ್ರಮ. ಇದೇ ತುಂಗಭದ್ರೆಯಲ್ಲಿ ಕೆಳಗೆ, ಕೊಪ್ಪಳ ಮತ್ತು ಬಳ್ಳಾರಿ ಕಡೆಯ ಒಂದು ಪಟ್ಟಿಯನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಮಾಡಬೇಕಾದದ್ದೇ. ಆದರೆ ಹರಿದ ಬಲೆಯ ಲೆಕ್ಕವನ್ನೂ ಯಾರಾದರೂ ಬರೆಯಬೇಕು. ಅವರಿಗೆ ಆ ಪ್ರಾಣಿಯ ಮೇಲೆ ಸಿಟ್ಟು ಇರಲಿಲ್ಲ ಅನ್ನುವುದನ್ನೂ ಹೇಳಬೇಕು. "ಅದಕ್ಕೂ ಹೊಟ್ಟಿ ಐತಲ್ರಿ" ಅಂದು ಸುಮ್ಮನಾದರು.

ಹೊಳೆ ಓದುವುದು ಅಂದರೆ ಏನು ಅಂತ ಅವತ್ತು ನೋಡಿದೆ. ನೀರು ಎಲ್ಲಿ ತಿರುಗುತ್ತದೆ, ಎಲ್ಲಿ ಆಳದ ಮಡು ಇದೆ, ಗಾಳಿ ಯಾವ ದಂಡೆಗೆ ಹೊಡೆಯುತ್ತಿದೆ ಅನ್ನುವುದರ ಮೇಲೆ ಬಲೆ ಬಿಡುವ ಜಾಗ. ಮೊದಲ ಮಳೆಯ ಹೊಸ ನೀರು ಬಂದಾಗ ಮೊಟ್ಟೆ ಇಡಲು ಮೀನು ಪ್ರವಾಹದ ಎದುರು ಹತ್ತುತ್ತದೆ. ಆಗ ಹಿಡಿಯುವುದು ಸುಲಭ. ಸುಲಭ ಅಂತ ಹಿಡಿದರೆ ಮುಂದಿನ ವರ್ಷ ಹೊಳೆ ಖಾಲಿ. ಇದು ಅವರ ಅಪ್ಪ ಹೇಳಿಕೊಟ್ಟದ್ದು. ಬಾಳೆಮೀನು ಎಲ್ಲಿ ಮಲಗುತ್ತದೆ, ಅದರ ಹಲ್ಲಿಗೆ ಬೆರಳು ಸಿಗದಂತೆ ಹೇಗೆ ಬಿಡಿಸಬೇಕು ಅಂತ ತೋರಿಸಿದರು. ಈಗ ಬಲೆಗೆ ಜಾಸ್ತಿ ಬೀಳುವುದು ಕಾಟ್ಲಾ, ರೋಹು ಮತ್ತು ಜಿಲೇಬಿ. ಮೊದಲೆರಡು ಗಂಗೆಯ ಕಡೆಯ ಮೀನುಗಳು, ಮರಿ ತಂದು ಬಿಟ್ಟದ್ದು. ಜಿಲೇಬಿ, ಅಂದರೆ ತಿಲಾಪಿಯಾ, ಆಫ್ರಿಕಾದ್ದು. 1952ರಲ್ಲಿ ಭಾರತಕ್ಕೆ ಬಂತು. ಅವರಿಗೆ ಈ ಇಸವಿ ಬೇಕಿಲ್ಲ. ಯಾವ ಮೀನು ಈ ಹೊಳೆಯದ್ದು, ಯಾವುದು ಹೊರಗಿನದು ಅನ್ನುವುದು ಅವರಿಗೆ ಅಜ್ಜನ ಮಾತಿನಿಂದಲೇ ಗೊತ್ತು.

ದಂಡೆಗೆ ಬರುವಷ್ಟರಲ್ಲಿ ವ್ಯಾಪಾರಿ ಬೈಕಿನ ಮೇಲೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ನಿಂತಿದ್ದ. ತೂಕದ ಕಾಟಾ ಅವನದು. ದರವೂ ಅವನದು. ಮಳೆಗಾಲಕ್ಕೆ ಮುಂಚೆ ಹೊಸ ಬಲೆಗೆ ರೊಕ್ಕ ಕೊಟ್ಟವನು ಅವನೇ. ಅದು ತೀರುವ ತನಕ ಮೀನು ಬೇರೆಯವರಿಗೆ ಹೋಗುವ ಹಾಗಿಲ್ಲ. ಒಂದು ಹಿಡಿ ಸಣ್ಣ ಮೀನು ಮನೆಗೆ ಅಂತ ಪಕ್ಕಕ್ಕೆ ಇಟ್ಟರು. ಉಳಿದದ್ದೆಲ್ಲ ಪೆಟ್ಟಿಗೆಗೆ ಹೋಯಿತು.

ಬಲೆ ಯಾರದು?

ಆ ವ್ಯಾಪಾರವನ್ನು ಕಣ್ಣಾರೆ ನೋಡಿದ ಮೇಲೆ ಎರಡು ಕಾದಂಬರಿಗಳನ್ನು ಮತ್ತೆ ತೆಗೆದೆ. ಎರಡೂ ನಮ್ಮ ದೇಶದವು. ಎರಡರಲ್ಲೂ ಕತೆಯ ಬೇರು ಒಂದೇ ಪ್ರಶ್ನೆಯಲ್ಲಿದೆ: ಬಲೆ ಯಾರದು, ದೋಣಿ ಯಾರದು?

ಮಾಣಿಕ್ ಬಂದೋಪಾಧ್ಯಾಯರ 'ಪದ್ಮಾ ನದೀರ್ ಮಾಝಿ' 1936ರಲ್ಲಿ ಪುಸ್ತಕವಾಗಿ ಬಂತು. ಶುರುವಾಗುವುದೇ ಮಳೆಗಾಲದ ರಾತ್ರಿ, ಬಂಗಾಳದ ಪದ್ಮಾ ನದಿಯ ಮೇಲೆ, ಹಿಲ್ಸಾ ಮೀನಿನ ಸುಗ್ಗಿಯಲ್ಲಿ. ಕುಬೇರ ಅನ್ನುವ ಬಡವ ಇಡೀ ರಾತ್ರಿ ಬಲೆ ಎಳೆಯುತ್ತಾನೆ. ಬಲೆ ಅವನದಲ್ಲ, ದೋಣಿಯೂ ಅವನದಲ್ಲ. ಬೆಳಗಾದರೆ ಅವನಿಗೆ ಉಳಿಯುವುದು ಸಣ್ಣ ಪಾಲು. ಹೆಸರು ಮಾತ್ರ ಕುಬೇರ. ನದಿಯ ವರ್ಣನೆ ಇದೆ, ಅಪಾರವಾಗಿದೆ. ಆದರೆ ಒಂದು ಸಾಲೂ ಸುಮ್ನೆ ಅಂದಕ್ಕಾಗಿ ಬಂದಿಲ್ಲ. ನೀರು ಏರಿದರೆ ಏನಾಗುತ್ತದೆ, ಇಳಿದರೆ ಏನಾಗುತ್ತದೆ ಅನ್ನುವುದು ಗುಡಿಸಲಿನ ಒಳಗೇ ಗೊತ್ತಾಗುತ್ತದೆ. ಮೀನಿನ ಬಗ್ಗೆ ಒಂದೇ ಒಂದು ಪುಸ್ತಕ ಹೇಳಿ ಅಂದರೆ ನಾನು ಇವತ್ತು ಇದನ್ನು ಹೇಳುತ್ತೇನೆ.

ತಕಳಿ ಶಿವಶಂಕರ ಪಿಳ್ಳೆಯವರ 'ಚೆಮ್ಮೀನ್' 1956ರದ್ದು, ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡಕ್ಕೂ ಬಂದಿದೆ. ಎಲ್ಲರೂ ಇದನ್ನು ಕರುತ್ತಮ್ಮ ಮತ್ತು ಪರೀಕುಟ್ಟಿಯ ಪ್ರೇಮದ ಕತೆ ಅಂತ ನೆನಪಿಟ್ಟುಕೊಳ್ಳುತ್ತಾರೆ. ನಾನು ಈಗ ಅದನ್ನು ಸಾಲದ ಕತೆ ಅಂತ ಓದುತ್ತೇನೆ. ಕರುತ್ತಮ್ಮನ ಅಪ್ಪ ಚೆಂಬನ್‌ಕುಂಞುಗೆ ಸ್ವಂತ ದೋಣಿ, ಸ್ವಂತ ಬಲೆ ಬೇಕು. ರೊಕ್ಕ ಕೊಡುವವನು ಪರೀಕುಟ್ಟಿ, ಮೀನಿನ ವ್ಯಾಪಾರಿ. ಹಿಡಿದ ಮೀನು ಅವನಿಗೇ ಮಾರಬೇಕು ಅಂತ ಮಾತು. ದೋಣಿ ಬಂದ ಮೇಲೆ ಆ ಮಾತು ಉಳಿಯುವುದಿಲ್ಲ. ಗಳಗನಾಥದ ದಂಡೆಯಲ್ಲಿ ಸಾಲ ಕೊಟ್ಟವನ ಕೈ ಮೇಲೆ. ಇಲ್ಲಿ ಸಾಲ ಕೊಟ್ಟವನೇ ಮುಳುಗುತ್ತಾನೆ. ಪ್ರೇಮ ಮುರಿಯುವುದಕ್ಕಿಂತ ಮೊದಲೇ ಲೆಕ್ಕ ಮುರಿದಿರುತ್ತದೆ. ಕಡಲು, ಕಡಲಮ್ಮ, ಹೆಣ್ಣಿನ ಪಾತಿವ್ರತ್ಯದ ನಂಬಿಕೆ ಇವೆಲ್ಲ ಆ ಲೆಕ್ಕದ ಮೇಲೆ ಬಂದು ಕೂರುತ್ತವೆ.

ಅರಸನ ಗಾಳ

ನಮ್ಮ ನೆಲದಲ್ಲೇ ಹುಟ್ಟಿದ ಒಂದು ಮೀನಿನ ಬರಹ ಇದೆ. ಅದು ವಾಲ್ಟನ್ನನ ಪುಸ್ತಕಕ್ಕಿಂತ 500 ವರ್ಷ ಹಳೆಯದು. ಇದನ್ನು ಹೇಳಿದಾಗ ಜನ ನಂಬುವುದೇ ಇಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ, 1130ರ ಸುಮಾರಿಗೆ, ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ' ಅದು. 'ಅಭಿಲಷಿತಾರ್ಥ ಚಿಂತಾಮಣಿ' ಅಂತಲೂ ಹೆಸರು. ತಲಾ 20 ಅಧ್ಯಾಯಗಳ 5 ಭಾಗ, ಒಟ್ಟು 100. ಅಡುಗೆ, ಆನೆ, ಸಂಗೀತ, ಚಿತ್ರ, ರಾಜ್ಯಭಾರ ಎಲ್ಲ ಇದೆ. ಅರಸನ ವಿನೋದಗಳನ್ನು ಹೇಳುವ ನಾಲ್ಕನೆಯ ಭಾಗದಲ್ಲಿ ಮತ್ಸ್ಯವಿನೋದ ಬರುತ್ತದೆ. ಅಂದರೆ ಗಾಳ ಹಾಕುವ ಆಟ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳ ವಿವರ, ಯಾವ ಮೀನಿಗೆ ಯಾವ ತೀನಿ, ಗಾಳದ ಕೋಲು ಮತ್ತು ದಾರ ಹೇಗಿರಬೇಕು, ಸಿಕ್ಕ ಮೀನನ್ನು ಹೇಗೆ ಆಡಿಸಿ ದಣಿಸಬೇಕು ಅನ್ನುವ ತನಕ ಹೋಗುತ್ತದೆ. 20ನೇ ಶತಮಾನದಲ್ಲಿ ಮೀನುವಿಜ್ಞಾನಿ ಸುಂದರ ಲಾಲ್ ಹೋರಾ ಈ ಅಧ್ಯಾಯವನ್ನು ತೆಗೆದು ವಿಜ್ಞಾನದ ಕಣ್ಣಿನಿಂದ ಓದಿ ಬರೆದರು.

ಇವತ್ತು ನಾವು ಗದಗ, ಹಾವೇರಿ, ಧಾರವಾಡ ಅನ್ನುವ ನೆಲವೆಲ್ಲ ಆ ಅರಸನ ಆಳ್ವಿಕೆಯಲ್ಲಿತ್ತು. ಗಳಗನಾಥದ ಗುಡಿಯೂ ಚಾಲುಕ್ಯರ ಕಾಲದ್ದೇ. ಹಾಗಾಗಿ ಈ ಅಧ್ಯಾಯ ಓದುವಾಗ ನನಗೆ ದೂರದ ಶಾಸ್ತ್ರ ಓದಿದ ಹಾಗೆ ಅನ್ನಿಸುವುದಿಲ್ಲ. ಆದರೆ ಒಂದು ಮಾತು ಉಳಿಯುತ್ತದೆ. ಅರಸನಿಗೆ ಮೀನುಗಳ ಹೆಸರು, ಅಭ್ಯಾಸ, ತೀನಿ ಇವನ್ನೆಲ್ಲ ಹೇಳಿಕೊಟ್ಟವರು ಯಾರು? ಅರಸ ದಿನವೂ ಹೊಳೆಯಲ್ಲಿ ನಿಂತವನಲ್ಲ. ನಿಂತವರು ಅಂಬಿಗರು, ಬೆಸ್ತರು. ಅವರ ತಿಳಿವಳಿಕೆ ಅರಸನ ಪುಸ್ತಕದಲ್ಲಿ ಶ್ಲೋಕವಾಯಿತು ಅಂತ ನಾನು ನಂಬುತ್ತೇನೆ.

ಅದೇ ಶತಮಾನದಲ್ಲಿ ಅದೇ ಹೊಳೆಯ ದಂಡೆಯಲ್ಲಿ ಒಬ್ಬ ಅಂಬಿಗ ಸ್ವತಃ ಮಾತಾಡಿದ. ಅಂಬಿಗರ ಚೌಡಯ್ಯ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ ತುಂಗಭದ್ರೆಯ ಪಕ್ಕ ಅವನ ಐಕ್ಯಸ್ಥಳ ಇದೆ. ಉಳಿದ ಹೆಚ್ಚಿನ ವಚನಕಾರರು ದೇವರ ಹೆಸರನ್ನು ಅಂಕಿತ ಮಾಡಿಕೊಂಡರೆ ಇವನು ತನ್ನ ಕಸುಬು ಮತ್ತು ತನ್ನ ಹೆಸರನ್ನೇ ಇಟ್ಟುಕೊಂಡ. ಅವನು ಮೀನು ಹಿಡಿಯುವ ವಿಧಾನ ಬರೆಯಲಿಲ್ಲ. ಮೇಲು ಕೀಳು ಮಾಡುವವರನ್ನು ನೇರ ಮುಖಕ್ಕೆ ಕೇಳಿದ. ಆದರೂ ಹೊಳೆಯ ಪುಸ್ತಕಗಳ ಸಾಲಿನಲ್ಲಿ ಅವನ ವಚನಗಳ ಸಂಪುಟವನ್ನು ನಾನು ಮಾನಸೋಲ್ಲಾಸದ ಮಗ್ಗುಲಲ್ಲೇ ಇಟ್ಟಿದ್ದೇನೆ. ದಂಡೆಯ ಮೇಲೆ ನಿಂತು ಆಟ ಆಡುವವನ ಪುಸ್ತಕದ ಪಕ್ಕದಲ್ಲಿ ದೋಣಿಯೊಳಗೆ ಇದ್ದವನ ಮಾತು ಇರಲಿ ಅಂತ.

ಆಮೇಲೆ? ಆಮೇಲಿನ ಸಾಲು ಖಾಲಿ. ನಮ್ಮ ಕಡೆ ಬಹಳ ಕಾಲ ಬರೆಯುವವರು ಮೀನು ಹಿಡಿಯಲಿಲ್ಲ, ಮೀನು ಹಿಡಿಯುವವರಿಗೆ ಸಾಲೆ ಸಿಗಲಿಲ್ಲ. ಗಳಗನಾಥ ಅನ್ನುವ ಹೆಸರು ಕನ್ನಡ ಓದುವವರಿಗೆಲ್ಲ ಗೊತ್ತು. ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಅದೇ ಊರಿನ ಹೆಸರಿನಲ್ಲಿ ಕಾದಂಬರಿ ಬರೆದರು, ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಓದುವ ಚಟವನ್ನೇ ನಮಗೆ ಹಚ್ಚಿದವರು ಅವರು. ಅವರ ಊರಿನ ದಂಡೆಯಿಂದ ಹೊಳೆಯೊಳಗಿನ ಬದುಕಿನ ಕತೆ ಇನ್ನೂ ಬರಬೇಕಿದೆ. 2023ರ ಜನವರಿಯಲ್ಲಿ ನಮ್ಮ ಹಾವೇರಿಯಲ್ಲೇ 86ನೇ ಸಾಹಿತ್ಯ ಸಮ್ಮೇಳನ ಆದಾಗ ಪುಸ್ತಕ ಮಳಿಗೆಗಳಲ್ಲಿ ನಾನು ಹುಡುಕಿದ್ದು ಇಂಥದ್ದನ್ನೇ. ತುಂಗಭದ್ರೆಯ ಮೀನುಗಾರ ಮನೆತನದವರು ತಾವೇ ಬರೆದ ಪುಸ್ತಕ. ಚೀಲ ತುಂಬ ಬೇರೆ ಪುಸ್ತಕ ತಂದೆ.

ಉಳಿದ ಸಾಲು

ತೇಜಸ್ವಿಯವರನ್ನು ನಾನು ಯಾವ ಸಾಲಿನಲ್ಲಿ ಇಡಬೇಕು ಅಂತ ಬಹಳ ಯೋಚಿಸಿದ್ದೇನೆ. ಅವರಿಗೆ ಗಾಳದ ಹುಚ್ಚು ಇತ್ತು. 'ಅಲೆಮಾರಿಯ ಅಂಡಮಾನ್' ಓದಿದವರಿಗೆ ಅದು ಗೊತ್ತು. ಹವ್ಯಾಸದವರು ಅನ್ನಬಹುದು. ಆದರೆ 'ಕರ್ವಾಲೊ'ದ ಮಂದಣ್ಣನನ್ನು ನೆನಪಿಸಿಕೊಳ್ಳಿ. ಜೇನು ಹಿಡಿಯುವ, ಯಾರೂ ಲೆಕ್ಕಕ್ಕೆ ಇಡದ ಹುಡುಗ. ದೊಡ್ಡ ವಿಜ್ಞಾನಿ ಅವನ ಕಣ್ಣನ್ನು ನಂಬಿ ಕಾಡಿಗೆ ಹೋಗುತ್ತಾರೆ. ನಮ್ಮ ಭಾಷೆಯಲ್ಲಿ ಹೊರಗಿನ ಜಗತ್ತಿನ ಬಗ್ಗೆ ಬರೆದವರಲ್ಲಿ ತಿಳಿವಳಿಕೆ ಯಾರ ಹತ್ತಿರ ಇದೆ ಅನ್ನುವುದನ್ನು ಇಷ್ಟು ಸಲೀಸಾಗಿ ತೋರಿಸಿದವರು ಬೇರೆ ಇಲ್ಲ. 'ಪರಿಸರದ ಕತೆ'ಯನ್ನು ಎಂಟನೆಯ ತರಗತಿಯ ಮಕ್ಕಳಿಗೂ ಕೊಡುತ್ತೇನೆ. ಓದಿದ ಮಕ್ಕಳು ನಾಯಿಯನ್ನೂ ಉಡವನ್ನೂ ಬೇರೆ ಕಣ್ಣಿನಿಂದ ನೋಡುತ್ತಾರೆ.

ಕಾರಂತರ 'ಮರಳಿ ಮಣ್ಣಿಗೆ' (1941) ಮೀನಿನ ಪುಸ್ತಕ ಅಲ್ಲ. ಆದರೂ ಸೇರಿಸುತ್ತೇನೆ. ಕಡಲು ಮತ್ತು ಮಳೆ ಮನೆಯ ಹೆಂಗಸರ ಬೆನ್ನಿನ ಮೇಲೆ ಹೇಗೆ ಬೀಳುತ್ತದೆ ಅನ್ನುವುದು ಅದರಲ್ಲಿರುವ ಹಾಗೆ ಇನ್ನೆಲ್ಲೂ ಇಲ್ಲ. ಪಾರೋತಿ, ಸರಸೋತಿ ದುಡಿಯುವುದನ್ನು ಓದಿದ ಮೇಲೆ ಕರಾವಳಿ ಅಂದರೆ ತೆಂಗಿನ ಮರದ ಚಿತ್ರ ಮಾತ್ರ ಆಗಿ ಉಳಿಯುವುದಿಲ್ಲ.

ಹಕ್ಕಿಗಳಿಗೆ ಸಲೀಂ ಅಲಿಯವರ 'ದ ಬುಕ್ ಆಫ್ ಇಂಡಿಯನ್ ಬರ್ಡ್ಸ್' (1941). ಚಳಿಗಾಲದಲ್ಲಿ ಅದನ್ನು ಹಿಡಿದುಕೊಂಡು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಿ. ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿದಿರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಕೆರೆ, ಜೌಗು ನೆಲಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಪುಸ್ತಕದ ಜೊತೆಗೆ ಅಲ್ಲಿನ ರೈತರನ್ನೂ ಮಾತಾಡಿಸಿ. ಆ ಹಕ್ಕಿ ಯಾವ ಹೊತ್ತಿಗೆ ಹೊಲಕ್ಕೆ ಇಳಿಯುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ಉಳಿದಿದೆ. ನಾರ್ಮನ್ ಮ್ಯಾಕ್ಲೀನ್ ಬರೆದ 'ಎ ರಿವರ್ ರನ್ಸ್ ಥ್ರೂ ಇಟ್'. ಶಿಕಾಗೊದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರು ಇದನ್ನು ಪ್ರಕಟಿಸಿದಾಗ, 1976ರಲ್ಲಿ, ವಯಸ್ಸು 70 ದಾಟಿತ್ತು. ಮೊಂಟಾನಾದ ಬ್ಲ್ಯಾಕ್‌ಫುಟ್ ಹೊಳೆ, ಪಾದ್ರಿ ತಂದೆ, ಇಬ್ಬರು ಅಣ್ಣತಮ್ಮಂದಿರು. ತಮ್ಮ ಪಾಲ್ ಗಾಳ ಬೀಸುವುದರಲ್ಲಿ ಅಸಾಧ್ಯ ಪ್ರತಿಭೆ. ಬದುಕಿನಲ್ಲಿ ಮಾತ್ರ ಅವನನ್ನು ಉಳಿಸಿಕೊಳ್ಳಲು ಮನೆಯವರಿಂದ ಆಗುವುದಿಲ್ಲ. ಇಲ್ಲೂ ಮೀನು ಮಾರುವುದಿಲ್ಲ. ಆದರೆ ತಂದೆ ಮಕ್ಕಳಿಗೆ ಗಾಳ ಬೀಸುವುದನ್ನು ಮೆಟ್ರೊನೋಮ್ ಅನ್ನುವ ತಾಳದ ಯಂತ್ರ ಇಟ್ಟು, ನಾಲ್ಕು ಎಣಿಕೆಯ ತಾಳದಲ್ಲಿ ಕಲಿಸುತ್ತಾನೆ. ಈ ಪುಸ್ತಕವನ್ನು ಹುಡುಗನಿಗೆ ಕೊಡಲೋ ಬೇಡವೋ ಅಂತ ತಡೆದೆ, ಆಮೇಲೆ ಕೊಟ್ಟೆ. ಆ ತಾಳದ ಭಾಗ ಓದಿ ಅವನು ತನ್ನ ಅಪ್ಪ ಬೀಸುಬಲೆ ಎಸೆಯುವಾಗ ಮನಸ್ಸಿನಲ್ಲೇ ಎಣಿಸುವುದನ್ನು ಗಮನಿಸಿದ. ಅವರದು ಮೂರು ಎಣಿಕೆಯಂತೆ. ಅದನ್ನು ಬರೆದಿಡು ಅಂದೆ. ಎಣಿಕೆ, ಮೀನುಗಳ ಹೆಸರು, ಮಡುಗಳ ಹೆಸರು, ಬಲೆಯ ಕಣ್ಣಿನ ಅಳತೆ, ಆ ದಿನದ ದರ, ಎಲ್ಲ. ಒಂದು ನೋಟ್‌ಬುಕ್ ಮಾಡಿದ್ದಾನೆ. ಕೆಲವು ಪುಟ ತೋರಿಸಿದ. ವಾಕ್ಯಗಳು ಗಟ್ಟಿಯಾಗಿವೆ.

ಹುಡುಕುವವರಿಗೆ: ತೇಜಸ್ವಿ, ಕಾರಂತ ಹುಬ್ಬಳ್ಳಿ ಧಾರವಾಡದ ಯಾವ ಪುಸ್ತಕದ ಅಂಗಡಿಯಲ್ಲೂ ಸಿಗುತ್ತಾರೆ. ಕಾರ್ಬೆಟ್ ಮತ್ತು ಹೆಮಿಂಗ್ವೆ ಹಳೆಯ ಪುಸ್ತಕಗಳ ರಾಶಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಮಾನಸೋಲ್ಲಾಸಕ್ಕೆ ದೊಡ್ಡ ಗ್ರಂಥಾಲಯಕ್ಕೇ ಹೋಗಬೇಕು, ಸಂಸ್ಕೃತ ಬಲ್ಲವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಮಾಣಿಕ್ ಬಂದೋಪಾಧ್ಯಾಯರನ್ನು ಮಳೆಗಾಲದಲ್ಲಿ ಓದಿ, ವರದೆಗೆ ಕೆಂಪು ನೀರು ಬಂದಿರುವಾಗ.